ಗೊತ್ತಾದ ದಿನ

ಜನವರಿ ೯

ಅಪ್ಪನಿಗೆ,

ಈ ಕಾಗದದ ಮೊದಲರ್ಧ ಕಚೇರಿಯದು, ಆದ್ದರಿಂದ ಬಹುವಚನ. ಗಾಬರಿಯಾಗಬೇಡಿ. ಮನೆಯವರ ತೆರಿಗೆ ರಿಟರ್ನು ಮಾಡುವಾಗಲೂ ಹೊರಗಿನ ಗಿರಾಕಿಗೆ ಕೇಳುವುದನ್ನೆಲ್ಲ ಕೇಳಬೇಕು, ಉತ್ತರ ಬರಹದಲ್ಲೇ ಇರಬೇಕು ಎಂಬುದು ನಮ್ಮ ಯಜಮಾನರ ಕಟ್ಟಪ್ಪಣೆ. ಫೋನಿನಲ್ಲಿ ಕೇಳಿದರೆ ನೀವು 'ಹೂಂ' ಎನ್ನುತ್ತೀರಿ. ಅದು ಹೌದು ಎಂದೋ ಅಲ್ಲ ಎಂದೋ ಮೂವತ್ತು ವರ್ಷ ಸಂಸಾರ ಮಾಡಿದ ಅಮ್ಮನಿಗೇ ಗೊತ್ತಿಲ್ಲ, ಇನ್ನು ತೆರಿಗೆಯವರಿಗೆ ನಾನು ಏನೆಂದು ಬರೆಯಲಿ?

ನಿಮ್ಮ ದಪ್ಪ ಲಕೋಟೆ ತಲುಪಿದೆ. ರೈಲಿನ ಟಿಕೆಟ್ಟು, ರೂಮಿನ ಬಾಡಿಗೆ ರಸೀದಿ ಎಲ್ಲವನ್ನೂ ತಿಂಗಳವಾರು ಪಿನ್ನು ಹೊಡೆದು ಇಟ್ಟಿದ್ದೀರಿ. ನಮ್ಮ ಗಿರಾಕಿಗಳಲ್ಲಿ ಇಷ್ಟು ಶಿಸ್ತು ಇನ್ನೊಬ್ಬರಿಗಿಲ್ಲ.

ಈಗ ವಿಷಯ. ನಿಮ್ಮಂಥ ಗುತ್ತಿಗೆಯವರು ಮನೆ ಬಿಟ್ಟು ದೂರದಲ್ಲಿ ತಾತ್ಕಾಲಿಕ ಕೆಲಸಕ್ಕೆ ಹೋದರೆ ಓಡಾಟದ ಖರ್ಚು, ಉಳಿದುಕೊಳ್ಳುವ ಖರ್ಚು ಎರಡನ್ನೂ ಆದಾಯದಲ್ಲಿ ಕಳೆದುಕೊಳ್ಳಬಹುದು. ಆದರೆ ಒಂದೇ ಜಾಗದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇರುವುದಾದರೆ ಅದು ತಾತ್ಕಾಲಿಕ ಅಲ್ಲ, ನಿಮ್ಮ ಕಾಯಂ ಜಾಗ. ಅಲ್ಲಿಗೆ ಹೋಗಿಬರುವುದು ಎಲ್ಲರೂ ಆಫೀಸಿಗೆ ಹೋಗಿಬಂದ ಹಾಗೆ, ಸ್ವಂತ ಖರ್ಚು. ಇಷ್ಟೇ ಆಗಿದ್ದರೆ ನಾನು ಕ್ಯಾಲೆಂಡರ್ ನೋಡಿ ಮುಗಿಸಿಬಿಡುತ್ತಿದ್ದೆ. ತೊಡಕಿರುವುದು ಮುಂದೆ. ಆ ಜಾಗ ಕಾಯಂ ಆಗುವುದು ಎರಡು ವರ್ಷ ತುಂಬಿದ ದಿನದಿಂದ ಅಲ್ಲ, ಎರಡು ವರ್ಷ ದಾಟುತ್ತೇನೆ ಎಂದು ನಿಮಗೆ ಗೊತ್ತಾದ ದಿನದಿಂದ.

ನೀವು ಆ ವಿದ್ಯುತ್ ಸ್ಥಾವರಕ್ಕೆ ಹೋಗಿ ಸೆಪ್ಟೆಂಬರಿಗೇ ಎರಡು ವರ್ಷ ದಾಟಿದೆ. ಆದ್ದರಿಂದ ಪ್ರಶ್ನೆ ಒಂದೇ. ಅಲ್ಲಿ ಅಷ್ಟು ಕಾಲ ಇರುತ್ತೇನೆಂದು ನಿಮಗೆ ಗೊತ್ತಾದ ದಿನ ಯಾವುದು?

ಕಚೇರಿ ಮುಗಿಯಿತು. ಇನ್ನು ನಿನ್ನ ಮಗಳು.

ಅಮ್ಮನ ಎಡಗಣ್ಣಿನ ಪೊರೆ ಬಲಿತಿದೆ ಅಪ್ಪ. ಬಲಗಣ್ಣಿಗೂ ಶುರುವಾಗಿದೆ. ಡಾಕ್ಟರು ಮೂರನೆಯ ಸಲ ಆಪರೇಷನ್‌ಗೆ ದಿನ ಕೊಟ್ಟರು, ಅಮ್ಮ ಮೂರನೆಯ ಸಲ ಮುಂದೆ ಹಾಕಿದಳು. "ನಮ್ಮನೆಯವರು ಬರ್ಲಿ ಡಾಕ್ಟ್ರೇ, ಮಾರ್ಚ್‌ಗೆ ಕೆಲಸ ಮುಗಿಯುತ್ತೆ. ಆಮೇಲೆ ಯಾವ ದಿನ ಬೇಕಾದ್ರೂ ಕೊಡಿ" ಎಂದಳು. ಹಿಂದಿನ ಸಲ ಸೆಪ್ಟೆಂಬರಿಗೆ ಮುಗಿಯುತ್ತದೆ ಎಂದಿದ್ದಳು. ಇನ್ನೂ ತಡ ಮಾಡಿದರೆ ಪೊರೆ ಗಟ್ಟಿಯಾಗುತ್ತದೆ, ಆಮೇಲೆ ತೆಗೆದರೂ ನೋಟ ಪೂರ್ತಿ ಬರುತ್ತದೆಂದು ಹೇಳಲಾರೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಾತ್ರ ನಿಂತಿಲ್ಲ. ನಾನು ಬೆಳಿಗ್ಗೆ ಹೊರಡುವ ಮುಂಚೆ ಸಾಲಾಗಿ ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಹೋಗುತ್ತೇನೆ. ಮೊನ್ನೆ ಒಬ್ಬರ ಕಪ್ಪು ಪ್ಯಾಂಟಿನ ಅಂಚಿಗೆ ನೀಲಿ ದಾರ ಹಾಕಿ ಹೊಲಿದು ಕೊಟ್ಟಿದ್ದಾಳೆ. ಅವರು ವಾಪಸು ತಂದಾಗ ಬೆಳಕು ಸರಿಯಿರಲಿಲ್ಲ ಎಂದಳು. ನಿನ್ನ ಕಾಗದಗಳನ್ನೂ ಈಗ ನಾನೇ ಓದಿ ಹೇಳಬೇಕು. ಮಾರ್ಚಿಗೆ ಬರುತ್ತೀಯೋ ಇಲ್ಲವೋ, ಅದೊಂದನ್ನು ಬಿಡಿಸಿ ಬರೆ.

ನಿನ್ನ,
ಮಗಳು


ಜನವರಿ ೨೧

ಮಗಳಿಗೆ ಆಶೀರ್ವಾದ.

ನಿನ್ನ ಬಹುವಚನ ನೋಡಿ ಕೂತಿದ್ದವನು ಎದ್ದು ನಿಂತು ಓದಿದೆ. ನನ್ನ ಮಗಳು ನನಗೇ ನೋಟೀಸು ಕೊಡುವಷ್ಟು ದೊಡ್ಡವಳಾದಳಲ್ಲ ಎಂದು ಕ್ಯಾಂಟೀನಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡೆ.

ಆದರೆ ನೀನು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೀಯ. ಇದಕ್ಕೆಲ್ಲ ಇಲ್ಲಿ ಎಂದೋ ದಾರಿ ಕಂಡುಕೊಂಡಿದ್ದೇವೆ. ನಮ್ಮಲ್ಲಿ ಕ್ರೇನ್ ನಡೆಸುವ ಒಬ್ಬ ಆಸಾಮಿ ಇದ್ದಾನೆ. ಇಡೀ ದಿನ ಮೇಲೆ ಕೂತು ಕೆಳಗಿನವರನ್ನು ನೋಡಿ ನೋಡಿ ಅವನಿಗೆ ತನಗೆ ತಿಳಿಯದ್ದು ಯಾವುದೂ ಇಲ್ಲ ಎನ್ನಿಸಿಬಿಟ್ಟಿದೆ. ತೆರಿಗೆ ಪಂಡಿತ ಎಂದೇ ಎಲ್ಲರೂ ಕರೆಯುವುದು. ಅವನು ಹೇಳುವುದು ಹೀಗೆ: ಆರು ತಿಂಗಳಿಗಿಂತ ಉದ್ದದ ಕರಾರಿಗೆ ಸಹಿ ಹಾಕಲೇಬಾರದು. ಆರು ತಿಂಗಳು ಮುಗಿದರೆ ಇನ್ನೊಂದು ಆರು ತಿಂಗಳು. ಕರಾರಿನಲ್ಲಿ ಇರುವುದು ಆರೇ ತಿಂಗಳಾದ್ದರಿಂದ, ಹತ್ತು ವರ್ಷ ಇದ್ದರೂ ನಾವು ತಾತ್ಕಾಲಿಕವೇ. ಇಲ್ಲಿ ವೆಲ್ಡರುಗಳು, ಪೈಪಿನವರು, ನಾನು, ಎಲ್ಲರೂ ಹಾಗೇ ಮಾಡಿದ್ದೇವೆ.

ಇನ್ನೂ ಒಂದು ಇದೆ. ನಡುವೆ ಒಂದು ಸಲ ಉದ್ದಕ್ಕೆ ಕೆಲಸ ಬಿಟ್ಟು ಮನೆಯಲ್ಲಿದ್ದು ಬಂದರೆ ಹಳೆಯ ಎಣಿಕೆ ಬಿದ್ದುಹೋಗಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದಂತೆ. ಹೋದ ವರ್ಷ ಮಾರ್ಚಿನಲ್ಲಿ ಒಂದೂವರೆ ತಿಂಗಳು ಮನೆಯಲ್ಲಿದ್ದೆನಲ್ಲ, ಅದು ಅದಕ್ಕೇ. ಎರಡು ವರ್ಷ ತುಂಬುವ ಮೊದಲೇ ಸೊನ್ನೆ ಮಾಡಿಕೊಂಡು ಬಂದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಇನ್ನೂ ಒಂದು ವರ್ಷವೂ ಆಗಿಲ್ಲ. ಹಾಗೆಂದು ಬರೆದುಬಿಡು.

ಮಾರ್ಚಿಗೆ ಈಗಿನ ಕರಾರು ಮುಗಿಯುತ್ತದೆ. ಆಮೇಲೆ ಅವರು ಏನು ಕೇಳುತ್ತಾರೋ ನೋಡೋಣ, ಈಗಲೇ ಹೇಗೆ ಹೇಳಲಿ? ಕಣ್ಣಿನ ವಿಷಯದಲ್ಲಿ ಅಮ್ಮ ಹಟ ಮಾಡಬಾರದು. ಡಾಕ್ಟರು ಹೇಳಿದ ಹಾಗೆ ಕೇಳಲಿ.

ಇಲ್ಲಿ ಕೆಲಸ ಜೋರಾಗಿದೆ. ಹಳೆಯ ಬಾಯ್ಲರಿನ ಪೈಪೆಲ್ಲ ಬದಲಾಯಿಸಿ, ಒಂದೊಂದು ಬೆಸುಗೆಗೂ ಎಕ್ಸ್-ರೇ ತೆಗೆದು, ಆ ಫಿಲ್ಮು ನನ್ನ ಮೇಜಿಗೆ ಬರುತ್ತದೆ. ಹೊರಗಿನಿಂದ ಕನ್ನಡಿಯ ಹಾಗಿರುವ ಬೆಸುಗೆಯ ಒಳಗೆ ಗುಳ್ಳೆ ಇರುತ್ತದೆ. ನಿನ್ನೆ ಮೂರನ್ನು ಕತ್ತರಿಸಿ ಮತ್ತೆ ಬೆಸೆಯಿರಿ ಎಂದೆ. ವೆಲ್ಡರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಕಾಗದ ಪೂರ್ತಿ ಅಮ್ಮನಿಗೆ ಓದಿ ಹೇಳು. ನಾನು ತೆರಿಗೆಯಲ್ಲೂ ಬುದ್ಧಿವಂತ ಎಂದು ಅವಳಿಗೂ ಗೊತ್ತಾಗಲಿ.

ಇಂತಿ,
ಅಪ್ಪ


ಫೆಬ್ರುವರಿ ೨

ಅಪ್ಪ,

ಈ ಸಲ ಏಕವಚನವೇ ಸಾಕು.

ನಿನ್ನ ಪಂಡಿತನಿಗೆ ಕ್ರೇನಿನಿಂದ ಇಳಿದು ಒಂದು ಸಲ ನಿಯಮದ ಪುಸ್ತಕ ತೆರೆಯಲು ಹೇಳು. ಕರಾರಿನಲ್ಲಿ ಎಷ್ಟು ತಿಂಗಳು ಬರೆದಿದೆ ಎಂದು ಯಾರೂ ನೋಡುವುದಿಲ್ಲ. ನಿನ್ನ ಮನಸ್ಸಿನಲ್ಲಿ ಎಷ್ಟಿತ್ತು ಎಂದು ನೋಡುತ್ತಾರೆ. ನಡುವೆ ಮನೆಗೆ ಬಂದು ಇದ್ದರೆ ಎಣಿಕೆ ಬಿದ್ದುಹೋಗುವುದೂ ಇಲ್ಲ. ವಾಪಸು ಅದೇ ಮೇಜಿಗೆ, ಅದೇ ಕೆಲಸಕ್ಕೆ ಹೋಗಿ ಕೂತ ಮೇಲೆ ನಡುವಿನದ್ದು ರಜೆ, ಅಷ್ಟೆ. ನಮ್ಮ ಯಜಮಾನರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು ನಕ್ಕರು. ಇಂಥ ಕ್ಯಾಂಟೀನ್ ಕಾನೂನು ಪ್ರತಿಯೊಂದು ದೊಡ್ಡ ಕೆಲಸದ ಜಾಗದಲ್ಲೂ ಇರುತ್ತದಂತೆ. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಹೇಳುತ್ತೇನೆ. ನೀನು ಹೇಳಿದ ಹಾಗೆ ಕಾಗದವನ್ನು ಅಮ್ಮನಿಗೆ ಓದಲು ಕೂತೆ. ನಾನೂ ಮೊದಲೇ ಓದಿರಲಿಲ್ಲ, ಲಕೋಟೆ ಒಡೆದು ನೇರವಾಗಿ ಶುರುಮಾಡಿದೆ. ಅಮ್ಮ ಒಂದು ಅಂಗಿಯ ತೋಳು ಬಿಚ್ಚುತ್ತಾ ಕೇಳುತ್ತಿದ್ದಳು. ಪಂಡಿತನ ವಿಷಯಕ್ಕೆ ನಕ್ಕಳು ಕೂಡ. "ಹೋದ ವರ್ಷ ಮಾರ್ಚಿನಲ್ಲಿ ಒಂದೂವರೆ ತಿಂಗಳು ಮನೆಯಲ್ಲಿದ್ದೆನಲ್ಲ" ಎಂದು ಓದಿದೆ, ಮುಂದಿನ ಎರಡು ಪದ ಕಣ್ಣಿಗೆ ಬಿತ್ತು. ಏನೋ ಒಂದು ಹೇಳಬೇಕಲ್ಲ. "ಎಷ್ಟು ಚೆನ್ನಾಗಿತ್ತು, ಮತ್ತೆ ಮತ್ತೆ ನೆನಪಾಗುತ್ತದೆ" ಎಂದು ನಾನೇ ಸೇರಿಸಿದೆ.

ಅಮ್ಮನ ಕತ್ತರಿ ನಿಂತಿತು. "ಅದನ್ನ ಇನ್ನೊಂದ್ಸಲ ಓದು" ಎಂದಳು.

ಮತ್ತೆ ಓದಿದೆ. ಎರಡನೆಯ ಸಲ ಏನು ಹೇಳಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಮೊದಲಿನ ಹಾಗೆ ಇರಲಿಲ್ಲ ಎಂಬುದು ಮಾತ್ರ ಗೊತ್ತು. ಅಮ್ಮ ಸರಿ ಎಂದು ತೋಳು ಬಿಚ್ಚುವುದನ್ನು ಮುಂದುವರಿಸಿದಳು.

ಆ ಒಂದೂವರೆ ತಿಂಗಳು ಅಮ್ಮ ಹೇಗಿದ್ದಳು ಎಂದು ನಾನು ನೋಡಿದ್ದೇನೆ. ಔಷಧಿ ಅಂಗಡಿಯವರಿಗೆ, ಎದುರುಮನೆ ಅಕ್ಕನಿಗೆ, ಕಾಜಾ ಮಾಡಿಸಲು ಬಂದವರಿಗೆಲ್ಲ, ನಮ್ಮನೆಯವರಿಗೆ ಯಾಕೋ ಮನೆ ನೆನಪಾಗಿ ಬಂದುಬಿಟ್ಟಿದ್ದಾರೆ ಎಂದು ಹೇಳುತ್ತಿದ್ದಳು. ನನಗೆ ಸಿಟ್ಟು ಬಂದಿದೆ ಅಪ್ಪ. ಬರೆದು ತಿಳಿಸುವಷ್ಟು ಬಂದಿದೆ.

ಇನ್ನೊಂದು ವಿಷಯ, ಇದು ಲೆಕ್ಕದವಳಾಗಿ ಕೇಳುವುದು. ಎರಡು ವರ್ಷ ತುಂಬುವ ಮೊದಲೇ ಸೊನ್ನೆ ಮಾಡಿಕೊಳ್ಳಲು ಬಂದೆ ಎಂದರೆ, ಎರಡು ವರ್ಷ ದಾಟುತ್ತೇನೆ ಎಂದು ಆಗಲೇ ಗೊತ್ತಿತ್ತು ಎಂದಾಯಿತಲ್ಲ? ಆರು ತಿಂಗಳಿಗೆ ಬರುತ್ತೇನೆ ಎಂದು ಆಮೇಲೂ ಅಮ್ಮನಿಗೆ ಹೇಳುತ್ತಲೇ ಇದ್ದೆಯಲ್ಲ?

ಮಗಳು


ಫೆಬ್ರುವರಿ ೧೦

ರೀ,

ಅಕ್ಷರ ದೊಡ್ಡದಾಗಿದೆ, ಸಾಲು ಮೇಲೆ ಕೆಳಗೆ ಹೋಗಿದೆ, ಹೊಂದಿಸಿಕೊಂಡು ಓದಿ. ಮಗಳಿಗೆ ಹೇಳದೆ ಬರೆಯುತ್ತಿದ್ದೇನೆ. ಪೋಸ್ಟಿಗೂ ನಾನೇ ಹಾಕುತ್ತೇನೆ, ಡಬ್ಬ ಕೆಂಪಗಿರುವುದರಿಂದ ಕಾಣುತ್ತದೆ.

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿಮ್ಮ ಒಂದೇ ವಾಕ್ಯವನ್ನು ಎರಡು ಸಲ ಓದಿದಳು, ಎರಡು ಥರ ಇತ್ತು. ನೀವು ನೆನಪಾಗುತ್ತದೆ ಎಂದೆಲ್ಲ ಬರೆಯುವವರೂ ಅಲ್ಲ. ಮಾರನೆಯ ದಿನ ಅವಳು ಆಫೀಸಿಗೆ ಹೋದ ಮೇಲೆ ಕಾಗದ ತೆಗೆದುಕೊಂಡು, ನೀವು ಬಿಟ್ಟುಹೋದ ಹಳೆಯ ಭೂತಗನ್ನಡಿ ಹಿಡಿದು, ಕಿಟಕಿಯ ಹತ್ತಿರ ಕೂತು ಓದಿದೆ. ಊಟದ ಹೊತ್ತು ಮೀರಿತು. ಓದಿದ ಮೇಲೆ ಊಟವೂ ಬೇಕಾಗಲಿಲ್ಲ.

ನೀವು ನನಗಾಗಿ ಬಂದಿರಿ ಎಂದುಕೊಂಡಿದ್ದೆ. ಅಷ್ಟೇ ನನ್ನ ದಡ್ಡತನ. ನೀವು ಹಾಗೆಂದು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಮಷೀನಿನ ಪೆಡಲು ರಿಪೇರಿ ಮಾಡಿಕೊಟ್ಟಿರಿ, ಸಂಜೆ ಹೊತ್ತು ಜೊತೆಗೆ ನಡೆದು ಬಂದಿರಿ, ನಾನೇ ಏನೇನೋ ಸೇರಿಸಿಕೊಂಡೆ. ಬೈಯೋಣ ಎಂದು ಕೂತರೆ ಬೈಗುಳವೇ ಬರುತ್ತಿಲ್ಲ.

ಒಂದು ಮಾತು ಮಾತ್ರ ಕೇಳುತ್ತೇನೆ. ಮಗಳು ಕಚೇರಿಯಿಂದ ಕೇಳಿದ ಪ್ರಶ್ನೆಯನ್ನೇ ನಾನೂ ಕೇಳುತ್ತಿದ್ದೇನೆ. ಅಲ್ಲೇ ಇರುತ್ತೀರೆಂದು ನಿಮಗೆ ಯಾವತ್ತು ಗೊತ್ತಾಯಿತು? ತೆರಿಗೆಯವರಿಗೆ ಹೇಳುವ ಮೊದಲು ನನಗೆ ಹೇಳಿ.

ಇಂತಿ,
ನಾನೇ


ಮಾರ್ಚ್ ೧

ಮಗಳಿಗೆ,

ನಿನ್ನ ಸಿಟ್ಟು ತಲುಪಿತು. ಉತ್ತರ ಬರೆಯಲು ತಿಂಗಳಾಯಿತು. ಅಮ್ಮ ಹೇಗಿದ್ದಾಳೆ? ನಿನ್ನ ಹತ್ತಿರ ಏನಾದರೂ ಹೇಳಿದಳೇ?

ಗೊತ್ತಾದ ದಿನ ಸೆಪ್ಟೆಂಬರ್ ಎಂದು ಬರೆದುಕೋ. ಅಲ್ಲಿಯವರೆಗಿನ ಖರ್ಚು ಉಳಿಯುತ್ತದೆ. ನನ್ನ ಮನಸ್ಸಿನಲ್ಲಿ ಏನಿತ್ತೆಂದು ಎಕ್ಸ್-ರೇ ತೆಗೆದು ನೋಡುವವರು ಯಾರು?

ಮೇಲಿನ ಮೂರು ಸಾಲು ಬರೆದು ಎರಡು ದಿನ ಮೇಜಿನ ಮೇಲೆ ಇಟ್ಟಿದ್ದೆ. ಅದನ್ನು ಬರೆಯಬೇಡ.

ಶುಕ್ರವಾರ ನಮಗೆಲ್ಲ ಕಣ್ಣಿನ ಪರೀಕ್ಷೆ ಇತ್ತು. ಫಿಲ್ಮು ನೋಡಿ ಬೆಸುಗೆ ಪಾಸು ಮಾಡುವವರಿಗೆ ಪ್ರತಿ ವರ್ಷ ಕಣ್ಣು ಸರಿಯಿದೆ ಎಂಬ ಸರ್ಟಿಫಿಕೇಟು ಬೇಕು, ಅದಿಲ್ಲದಿದ್ದರೆ ಮರುದಿನ ಗೇಟಿನೊಳಗೆ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಸಣ್ಣಕ್ಷರದ ಕಾರ್ಡು ಕೊಟ್ಟರು. ಕೊನೆಯ ಸಾಲಿನವರೆಗೂ ಗಡಗಡ ಓದಿದೆ. ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಎಂದು ನರ್ಸಮ್ಮ ಹೊಗಳಿದರು. ಪ್ರತಿ ವರ್ಷ ಇದನ್ನು ಕೇಳಿ ಹಿಗ್ಗುತ್ತಿದ್ದೆ. ಈ ಸಲ ಕಾರ್ಡು ವಾಪಸು ಕೊಡುವುದನ್ನೂ ಮರೆತು ಕೂತಿದ್ದೆ. ನನ್ನ ಕಣ್ಣನ್ನು ವರ್ಷಕ್ಕೊಂದು ಸಲ ಬಲವಂತವಾಗಿ ನೋಡಿಸುತ್ತಾರೆ. ನನ್ನ ಕರಾರು ಮುಗಿಯಲಿ ಎಂದು ಅಮ್ಮನ ಕಣ್ಣು ಕಾಯುತ್ತಿದೆ.

ಕೆಲಸದ ಮೇಲಧಿಕಾರಿ ಮೊನ್ನೆ ಹೊಸ ಕರಾರು ಕೊಟ್ಟಿದ್ದಾರೆ. ಎರಡನೆಯ ಬಾಯ್ಲರು ಶುರುವಾಗುತ್ತಿದೆ. ಈ ಸಲ ಆರು ತಿಂಗಳಲ್ಲ, ಒಟ್ಟಿಗೆ ಎರಡು ವರ್ಷ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು.

ಸ್ವಲ್ಪ ತಾಳು. ಮೊದಲು ಹೇಳಬೇಕಾದವರಿಗೆ ಹೇಳಿ, ಆಮೇಲೆ ನಿನ್ನ ಕಚೇರಿಗೆ ಬರೆಯುತ್ತೇನೆ.

ಅಪ್ಪ


ಮಾರ್ಚ್ ೮

ಇವಳೇ,

ಇದು ಪೈಪಿನ ಮೇಲೆ ಗುರುತು ಹಾಕುವ ಪೆನ್ನು. ನೀನೇ ಓದಿಕೊಳ್ಳಲಿ ಎಂದು ದಪ್ಪಗೆ ಬರೆಯುತ್ತಿದ್ದೇನೆ. ಒಂದು ಹಾಳೆಗೆ ನಾಲ್ಕು ಸಾಲು ಹಿಡಿಯುತ್ತದೆ. ಹಾಳೆಗಳಿಗೆ ನಂಬರು ಹಾಕಿದ್ದೇನೆ.

ಹೋದ ವರ್ಷ ಫೆಬ್ರುವರಿ ಹನ್ನೆರಡು.

ಆ ದಿನ ಬೆಳಿಗ್ಗೆ ಎರಡನೆಯ ಬಾಯ್ಲರಿನ ನಕ್ಷೆ ಬಂತು. ಅಧಿಕಾರಿ ಅದನ್ನು ಗೋಡೆಗೆ ಅಂಟಿಸಿ, ಇದರ ಫಿಲ್ಮು ಯಾರು ನೋಡುತ್ತೀರಿ ಎಂದು ಕೇಳಿದರು. ಯಾರೂ ಬಾಯಿ ಬಿಡುವ ಮೊದಲು ನನ್ನ ಕೈ ಮೇಲೆ ಹೋಗಿತ್ತು. ಇಳಿಸಬಹುದಿತ್ತು. ಇಳಿಸಲಿಲ್ಲ.

ಮುಂದಿನ ತಿಂಗಳು ಮನೆಗೆ ಬಂದದ್ದು ಲೆಕ್ಕಕ್ಕೆ. ಅದು ನಿಜ. ಅದಕ್ಕೆ ಬಣ್ಣ ಹಚ್ಚುವುದಿಲ್ಲ.

ಯಾಕೆ ಕೈ ಎತ್ತಿದೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಮೂವತ್ತು ವರ್ಷ ಊರೂರು ಸುತ್ತಿದೆ. ಬಂದಾಗಲೆಲ್ಲ ನೀನು ಹೊಸ ಟವೆಲು ತೆಗೆದುಕೊಡುತ್ತೀಯ. ನಿಮ್ಮಿಬ್ಬರ ಟವೆಲು ಬಾಗಿಲ ಹಿಂದೆ ನೇತಾಡುತ್ತಿರುತ್ತದೆ. ನನ್ನದು ಬೀರುವಿನಿಂದ ಬರುತ್ತದೆ, ನೆಂಟರಿಗೆ ಕೊಡುವ ಹಾಗೆ. ಯಾವ ಡಬ್ಬದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಹಾಲಿನವನಿಗೆ ನನ್ನ ಮುಖ ಗೊತ್ತಿಲ್ಲ. ನಾನಿಲ್ಲದೆ ಆ ಮನೆ ಚೆನ್ನಾಗಿ ನಡೆಯುತ್ತದೆ. ಕೆಲಸ ಬಿಟ್ಟು ಬಂದು ಅಲ್ಲಿ ಕೂತರೆ ನಾನು ಯಾರು ಎಂದು ಭಯವಾಯಿತು. ಇಲ್ಲಿ ನನಗೊಂದು ಮೇಜಿದೆ.

ಆ ಒಂದೂವರೆ ತಿಂಗಳಿನ ಕೊನೆಯ ವಾರ ಒಂದು ದಿನ ನೀನು ಹೊಸ ಟವೆಲು ಕೊಡಲಿಲ್ಲ. ಬಾಗಿಲ ಹಿಂದಿನದರಲ್ಲೇ ಒರೆಸಿಕೊಳ್ಳಿ ಎಂದೆ. ರೈಲು ಹತ್ತುವಾಗ ಒಂದು ಸಲ ಕಾಲು ಹಿಂದೆ ತೆಗೆದೆ. ಆದರೂ ಹತ್ತಿದೆ. ಹತ್ತಿದ ಮೇಲೂ ಸೆಪ್ಟೆಂಬರಿಗೆ ಬರುತ್ತೇನೆ ಎಂದೆ.

ಈಗ ಇನ್ನೂ ಎರಡು ವರ್ಷ ಕೇಳುತ್ತಿದ್ದಾರೆ. ಸಹಿ ಹಾಕಬೇಕೆಂದು ನನಗೆ ಮನಸ್ಸಿದೆ. ಇದನ್ನು ಆರು ತಿಂಗಳು ಎಂದು ಹೇಳಬಹುದಿತ್ತು. ಹೇಳುವುದಿಲ್ಲ.

ನೀನು ಬೇಡ ಎಂದರೆ ಹಾಕುವುದಿಲ್ಲ.

ನಿನ್ನ ಕಣ್ಣು ನನಗಾಗಿ ಕಾಯಬಾರದು. ನಾನು ಅಷ್ಟು ಯೋಗ್ಯತೆಯವನಲ್ಲ.

ಇಂತಿ,
ನಾನು


ಮಾರ್ಚ್ ೧೯

ಅಪ್ಪನಿಗೆ,

ಕಚೇರಿಯಿಂದ: ತಾವು ಬರೆದು ಕಳುಹಿಸಿದ ಉತ್ತರ ತಲುಪಿತು. ಹೋದ ವರ್ಷದ ಫೆಬ್ರುವರಿ ಹನ್ನೆರಡರಿಂದ ಈಚಿನ ಓಡಾಟ ಮತ್ತು ಬಾಡಿಗೆಯನ್ನೆಲ್ಲ ತೆಗೆದುಹಾಕಿ ರಿಟರ್ನು ಸಲ್ಲಿಸಿದ್ದೇವೆ. ಹೊಸ ಕರಾರಿಗೆ ಸಹಿ ಹಾಕಿದರೆ ಆ ಜಾಗ ಮೊದಲ ದಿನದಿಂದಲೇ ಕಾಯಂ. ಇನ್ನು ಮುಂದೆ ತಾವು ಮನೆಗೆ ಬಂದದ್ದಕ್ಕೆ ಯಾರೂ ವಿನಾಯಿತಿ ಕೊಡುವುದಿಲ್ಲ. ಸುಮ್ಮನೆ ಬರಬೇಕಾಗುತ್ತದೆ.

ಮಗಳಿಂದ: ಸಿಟ್ಟು ಮುಕ್ಕಾಲು ಇಳಿದಿದೆ. ನಿನ್ನ ಹಾಳೆಗಳ ಕಟ್ಟು ಬಂದ ದಿನ ಅಮ್ಮ ನನ್ನನ್ನು ಕೋಣೆಯಿಂದ ಆಚೆ ಕಳುಹಿಸಿ ಬಾಗಿಲು ಹಾಕಿಕೊಂಡಳು. ಒಂದೊಂದೇ ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಹೊರಗೆ ಬಂದವಳು ನಾಳೆ ಡಾಕ್ಟರ ಹತ್ತಿರ ಹೋಗಬೇಕು, ಅರ್ಧ ದಿನ ರಜೆ ಹಾಕು ಎಂದಳು. ಅವಳೇ ನಿನಗೆ ಬರೆಯುತ್ತಾಳಂತೆ.

ನಿನ್ನ,
ಮಗಳು


ಮಾರ್ಚ್ ೨೨

ರೀ,

ಏಪ್ರಿಲ್ ಹನ್ನೊಂದಕ್ಕೆ ಆಪರೇಷನ್ ಗೊತ್ತುಮಾಡಿಕೊಂಡು ಬಂದಿದ್ದೇನೆ. ನೀವು ಬರಲೇಬೇಕೆಂದಿಲ್ಲ. ಬಂದರೆ ಬೇಡ ಎನ್ನುವುದಿಲ್ಲ.

ನೀವು ನಿಜ ಹೇಳಿದಿರಿ, ನಾನೂ ಹೇಳುತ್ತೇನೆ. ಆಪರೇಷನ್ ಮುಂದೆ ಹಾಕುತ್ತಿದ್ದದ್ದು ಹೆದರಿಕೆಯಿಂದ ಅಲ್ಲ, ನೀವಿಲ್ಲದೆ ಆಗುವುದಿಲ್ಲ ಎಂದೂ ಅಲ್ಲ. ಮಗಳನ್ನು ಹೆತ್ತಾಗಲೇ ನೀವಿರಲಿಲ್ಲ. ನೀವು ಬರುವುದಕ್ಕೆ ಮನೆಯಲ್ಲಿ ಒಂದು ಕಾರಣ ಉಳಿದಿರಲಿ ಎಂದು ಕಣ್ಣನ್ನು ಹಾಗೇ ಇಟ್ಟುಕೊಂಡಿದ್ದೆ. ಅದೂ ಸರಿಹೋಗಿಬಿಟ್ಟರೆ ಇನ್ನೇನೆಂದು ಕರೆಯಲಿ ಎನ್ನಿಸುತ್ತಿತ್ತು. ಇದನ್ನು ಡಾಕ್ಟರಿಗೆ ಹೇಳಿದರೆ ಅವರು ಕಣ್ಣು ಬಿಟ್ಟು ತಲೆ ನೋಡುತ್ತಾರೆ.

ಟವೆಲಿನ ವಿಷಯ. ಒಳ್ಳೆಯದು ನಿಮಗಿರಲಿ ಎಂದು ಎತ್ತಿಡುತ್ತಿದ್ದೆ. ನೆಂಟರು ಎಂದು ಅಲ್ಲ. ಹಳೆಯದು ಕೊಡಬೇಕಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ನೀವಾದರೂ ಬಾಯಿ ಬಿಟ್ಟು ಹೇಳಬಹುದಿತ್ತು.

ಎರಡು ವರ್ಷಕ್ಕೆ ಸಹಿ ಹಾಕಲೇ ಎಂದು ಕೇಳಿದ್ದೀರಿ. ನನಗೆ ಸಿಟ್ಟು ಬಂದದ್ದು ಎರಡು ವರ್ಷಕ್ಕಲ್ಲ. ಇಷ್ಟು ದಿನ ಆರು ತಿಂಗಳು, ಆರು ತಿಂಗಳು ಎಂದಿರಲ್ಲ, ಅದಕ್ಕೆ. ಆರು ತಿಂಗಳಿಗೆ ಯಾರಾದರೂ ಮನೆಸಾಮಾನು ಕಟ್ಟಿಕೊಂಡು ಹೊರಡುತ್ತಾರೆಯೇ? ಹೊಲಿಗೆ ಮಷೀನು ಹೊತ್ತುಕೊಂಡು ಹೋಗುತ್ತಾರೆಯೇ? ಗಿರಾಕಿಗಳಿಗೆ ಏನೆಂದು ಹೇಳುವುದು? ಬಂದೇಬಿಡುತ್ತಾರಲ್ಲ ಎಂದು ಕೂತೆ. ಎರಡು ವರ್ಷ ಎಂದು ಮೊದಲೇ ಗೊತ್ತಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ. ಆ ಮೂವತ್ತು ವರ್ಷವನ್ನೂ ಆರಾರು ತಿಂಗಳಾಗಿ ಕತ್ತರಿಸಿ ಕೊಟ್ಟಿರಿ. ಯಾವ ತುಂಡೂ ಒಂದು ಅಂಗಿಗೆ ಸಾಲಲಿಲ್ಲ.

ಮಗಳು ದೊಡ್ಡವಳು. ಅಡುಗೆ ಬರುವುದಿಲ್ಲ ಎಂಬುದು ಬಿಟ್ಟರೆ ಅವಳನ್ನು ಅವಳು ನೋಡಿಕೊಳ್ಳುತ್ತಾಳೆ.

ನೀವು ಸಹಿ ಹಾಕಿ. ಆದರೆ ಒಂದು ಮಾತು. ಇಷ್ಟು ಊರಿಗೆ ಹೋದಿರಿ, ಒಂದು ಸಲವೂ ನನ್ನನ್ನು ಬಾ ಎನ್ನಲಿಲ್ಲ.

ಇಂತಿ,
ನಾನೇ


ಏಪ್ರಿಲ್ ೨

ಇವಳೇ,

ಹತ್ತನೇ ತಾರೀಖಿಗೆ ಬರುತ್ತೇನೆ. ಆಪರೇಷನ್ ದಿನ ಇರುತ್ತೇನೆ, ಪಟ್ಟಿ ಬಿಚ್ಚುವವರೆಗೂ ಇರುತ್ತೇನೆ. ಆಮೇಲೆ ಕೆಲಸಕ್ಕೆ ವಾಪಸು, ಎರಡು ವರ್ಷಕ್ಕೆ ಸಹಿ ಹಾಕಿದ್ದೇನೆ. ಇದನ್ನು ಮೊದಲೇ ಹೇಳುತ್ತಿದ್ದೇನೆ.

ಬಾ ಎನ್ನಬೇಕೆಂದು ನನಗೆ ತೋಚಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋದ ಹೋದಲ್ಲೆಲ್ಲ ತೋಚುತ್ತಿತ್ತು. ತಗಡಿನ ಶೆಡ್ಡು, ಒಂಟಿ ಮಂಚ, ಸಾಲಿನಲ್ಲಿ ನಿಂತು ಸ್ನಾನ. ಇಲ್ಲಿಗೆ ಅವಳನ್ನು ಹೇಗೆ ಕರೆಯಲಿ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ನೀನು ಬರುವುದಿಲ್ಲ ಎಂದುಬಿಟ್ಟರೆ ಎಂಬ ಅಳುಕೂ ಇತ್ತು.

ಕೆಳಗಿನ ಒಂದು ಅಕ್ಷರಕ್ಕೆ ಹಾಳೆ ಪೂರ್ತಿ ಬಿಟ್ಟಿದ್ದೇನೆ. ಭೂತಗನ್ನಡಿ ಬೇಡ.

ಬಾ.


ಮೇ ೧೬

ರೀ,

ಅಕ್ಷರ ಎಷ್ಟು ಸಣ್ಣಗಿದೆ ನೋಡಿ. ನಿಮಗೆ ಸರ್ಟಿಫಿಕೇಟು ಕೊಟ್ಟ ಆ ನರ್ಸಮ್ಮನಿಗೆ ತೋರಿಸಿ.

ನೀವು ಹೋದ ಮೇಲೆ ಎರಡು ಸಲ ತೋರಿಸಿಕೊಂಡು ಬಂದೆ. ಎಡಗಣ್ಣು ಚೆನ್ನಾಗಿದೆ. ತಡ ಮಾಡಿದ್ದಕ್ಕೆ ಡಾಕ್ಟರು ನಾಲ್ಕು ಮಾತು ಬೈದರು, ಬೈಸಿಕೊಂಡೆ. ಬಲಗಣ್ಣಿನ ಆಪರೇಷನ್ನು ಆರು ತಿಂಗಳು ಬಿಟ್ಟು ಮಾಡಬಹುದಂತೆ. ಆ ಮಾತು ಕೇಳಿ ನನಗೆ ನಗು ಬಂತು, ಅವರಿಗೆ ಯಾಕೆಂದು ಗೊತ್ತಾಗಲಿಲ್ಲ. ಅಲ್ಲಿ ನಿಮ್ಮ ಸ್ಥಾವರದ ಹತ್ತಿರವೂ ಕಣ್ಣಾಸ್ಪತ್ರೆ ಇದೆಯಂತಲ್ಲ, ಅಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದು ಚೀಟಿ ಬರೆಸಿಕೊಂಡಿದ್ದೇನೆ.

ನೀವು ನೋಡಿದ ಎರಡು ಕೋಣೆಯ ಮನೆಯನ್ನೇ ಗೊತ್ತುಮಾಡಿ. ಮಹಡಿ ಮೇಲಿನದು ಬೇಡ, ಮಷೀನು ಹತ್ತಿಸಲು ಆಗುವುದಿಲ್ಲ. ಕಿಟಕಿ ಎಡಗಡೆಗೆ ಬರುವ ಹಾಗೆ ಮಷೀನಿಗೆ ಜಾಗ ಬಿಡಿ, ಕೈಯ ನೆರಳು ಹೊಲಿಗೆಯ ಮೇಲೆ ಬೀಳಬಾರದು. ನಿಮ್ಮ ಕಡೆಯ ವೆಲ್ಡರುಗಳ ಅಂಗಿಗಳೆಲ್ಲ ಕಿಡಿ ಹಾರಿ ತೂತುಬಿದ್ದಿರುತ್ತವೆ ಎಂದಿದ್ದಿರಿ. ತಂದುಕೊಡಲು ಹೇಳಿ. ನಿಮ್ಮ ಜೊತೆ ಊಟಕ್ಕೆ ಕೂರದವನದನ್ನು ಮೊದಲು ಹೊಲಿದುಕೊಡುತ್ತೇನೆ.

ಮಗಳಿಗೆ ಮೂರು ಸಾರು, ಎರಡು ಪಲ್ಯ ಕಲಿಸಿದ್ದೇನೆ. ಒಂದನ್ನು ಸೀಯಿಸಿ, ಒಂದಕ್ಕೆ ಉಪ್ಪು ಮರೆತು, ಉಳಿದದ್ದನ್ನು ಪರವಾಗಿಲ್ಲ ಅನ್ನುವ ಹಾಗೆ ಮಾಡುತ್ತಾಳೆ. ಹೋಗಬೇಡ ಎಂದು ಒಂದು ಸಲವೂ ಹೇಳಲಿಲ್ಲ. ನಿನ್ನೆ ನನ್ನ ಸೂಟ್‌ಕೇಸು ತುಂಬುವಾಗ ಮಾತ್ರ, ಬೇಡದ ಬಟ್ಟೆಯನ್ನೆಲ್ಲ ತಂದು ತಂದು ತುರುಕುತ್ತಿದ್ದಳು. ಮುಖ ನೋಡಿದರೆ ಅಳು ಬಂದೀತು ಎಂದು ನಾನೂ ತಲೆ ಎತ್ತಲಿಲ್ಲ.

ಟಿಕೆಟ್ಟು ನಾನೇ ಸ್ಟೇಷನ್ನಿಗೆ ಹೋಗಿ ತಂದೆ. ಸಂಜೆ ಮಗಳಿಗೆ ತೋರಿಸಿದೆ. ಅಭ್ಯಾಸಬಲ, ಕೈಗೆ ತೆಗೆದುಕೊಂಡವಳೇ ತಾರೀಖು ನೋಡಿದಳು, ಹಿಂದೆ ಮುಂದೆ ತಿರುಗಿಸಿದಳು. "ಇದು ಯಾವ ಲೆಕ್ಕಕ್ಕೂ ಬರಲ್ಲಮ್ಮ" ಎಂದಳು. ಆಮೇಲೆ, ವಾಪಸು ಬರುವುದು ಎಲ್ಲಿ ಎಂದು ಕೇಳಿದಳು.

ಹೋಗುವುದು ಮಾತ್ರ ತೆಗೆದುಕೊಂಡಿದ್ದೇನೆ ಎಂದೆ.

ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಮಷೀನು ಇಳಿಸಲು ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ.

ಇಂತಿ,
ನಾನೇ